ದೀರ್ಘಕಾಲದ ನೋವಿನ ಚಿಕಿತ್ಸೆಗಳ ಪರಿಣಾಮ ಮಾಪನ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇದಕ್ಕೆ ನೀಡುವ ಔಷಧ, ಶಸ್ತ್ರಚಿಕಿತ್ಸೆ, ವ್ಯಾಯಾಮ, ಮನೋಚಿಕಿತ್ಸೆ ಮುಂತಾದವುಗಳಿಂದ ರೋಗಿಗೆ ಎಷ್ಟು ಪ್ರಯೋಜನವಾಯಿತು ಎಂಬುದನ್ನು ನಿರ್ಧರಿಸುವ ವಿಧಾನಗಳೇ ಪರಿಣಾಮ ಮಾಪನ. ಜ್ವರ ಅಥವಾ ರಕ್ತದೊತ್ತಡವನ್ನು ಅಳೆಯುವಂತೆ ನೋವನ್ನು ನೇರವಾಗಿ ಅಳೆಯುವ ಉಪಕರಣವಿಲ್ಲ. ಅನುಭವಿಸುವವರ ಹೇಳಿಕೆಯೇ ಮಾಪನದ ಮುಖ್ಯ ಆಧಾರ. ಆದರೆ ನೋವಿನ ಅಂಕ ಇಳಿದ ಮಾತ್ರಕ್ಕೆ ಚಿಕಿತ್ಸೆ ಫಲಿಸಿತೆಂದು ಹೇಳಲಾಗದು. ದೈನಂದಿನ ಬದುಕು ಸುಧಾರಿಸಿತೇ, ಆ ಸುಧಾರಣೆಗೆ ಚಿಕಿತ್ಸೆಯೇ ಕಾರಣವೇ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ತೀವ್ರತೆಯ ಮಾಪಕಗಳು

ಸಂಖ್ಯಾ ಮಾಪಕದಲ್ಲಿ ರೋಗಿಯು ತನ್ನ ನೋವಿಗೆ 0ಯಿಂದ 10ರವರೆಗೆ ಅಂಕ ನೀಡುತ್ತಾನೆ. 0 ಎಂದರೆ ನೋವಿಲ್ಲ. 10 ಎಂದರೆ ಊಹಿಸಬಹುದಾದ ಅತಿ ತೀವ್ರ ನೋವು. ದೃಶ್ಯ ಮಾಪಕದಲ್ಲಿ ಸಾಮಾನ್ಯವಾಗಿ 100 ಮಿಲಿಮೀಟರ್ ಉದ್ದದ ಗೆರೆಯ ಮೇಲೆ ನೋವಿನ ಮಟ್ಟವನ್ನು ಗುರುತಿಸಲಾಗುತ್ತದೆ. ನೋವಿನ ಸ್ವರೂಪವನ್ನೂ ದಾಖಲಿಸಲು ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ನೋವನ್ನು ವರ್ಣಿಸುವ 78 ಪದಗಳನ್ನು 20 ಗುಂಪುಗಳಾಗಿ ವಿಂಗಡಿಸಲಾಗಿದೆ. ಇಂತಹ ಪ್ರಶ್ನಾವಳಿಗೆ ಪದಶಃ ಅನುವಾದ ಸಾಲದು. ಕನ್ನಡದಲ್ಲಿ ಉರಿ, ಸೆಳೆತ, ಚುಚ್ಚು, ಜೋಮು, ಸಿಡಿತ ಎಂಬ ಮಾತುಗಳು ಬೇರೆಬೇರೆ ಅನುಭವಗಳನ್ನು ಸೂಚಿಸುವುದರಿಂದ, ಆಯಾ ಭಾಷಿಕರಲ್ಲಿ ಪ್ರಶ್ನಾವಳಿಯನ್ನು ಪರೀಕ್ಷಿಸಿಯೇ ಬಳಸಬೇಕಾಗುತ್ತದೆ.

ಬದುಕಿನ ಮೇಲಿನ ಪರಿಣಾಮ

ನೋವಿನ ಅಂಕ ಇಳಿದರೂ ಔಷಧದ ಮಂಪರಿನಿಂದ ರೋಗಿಯು ಕೆಲಸಕ್ಕೆ ಹೋಗಲಾಗದಿರಬಹುದು. ಅಂಕ ಅಷ್ಟೇ ಉಳಿದರೂ ಮತ್ತೊಬ್ಬರು ಮೊದಲಿಗಿಂತ ಹೆಚ್ಚು ದೂರ ನಡೆಯುವಂತಾಗಬಹುದು. ಈ ಕಾರಣದಿಂದ, 2002ರಲ್ಲಿ ಆರಂಭವಾದ ಇಮ್‌ಪ್ಯಾಕ್ಟ್ ಎಂಬ ತಜ್ಞರ ಕೂಟವು ಚಿಕಿತ್ಸಾ ಪ್ರಯೋಗಗಳಲ್ಲಿ ಆರು ಅಂಶಗಳನ್ನು ಪರಿಗಣಿಸಬೇಕೆಂದು ಶಿಫಾರಸು ಮಾಡಿತು:

• ನೋವು
• ದೈಹಿಕ ಕಾರ್ಯಸಾಮರ್ಥ್ಯ
• ಭಾವನಾತ್ಮಕ ಸ್ಥಿತಿ
• ಒಟ್ಟು ಸುಧಾರಣೆಯ ಬಗ್ಗೆ ರೋಗಿಯ ಅಭಿಪ್ರಾಯ
• ಇತರ ರೋಗಲಕ್ಷಣಗಳು ಮತ್ತು ಅಡ್ಡಪರಿಣಾಮಗಳು
• ಪ್ರಯೋಗದಲ್ಲಿ ಉಳಿದವರ ಮತ್ತು ಅದನ್ನು ಬಿಟ್ಟವರ ವಿವರ

ನೋವಿನ ತೀವ್ರತೆಯಲ್ಲಿ ಶೇಕಡಾ 30ರಷ್ಟು ಇಳಿಕೆಯನ್ನು ಮಧ್ಯಮ ಮಟ್ಟದ ಸುಧಾರಣೆ ಎಂದೂ, ಶೇಕಡಾ 50ರಷ್ಟು ಇಳಿಕೆಯನ್ನು ಗಣನೀಯ ಸುಧಾರಣೆ ಎಂದೂ ಪರಿಗಣಿಸುವುದು ರೂಢಿ. ಅಂಕವು 8ರಿಂದ 4ಕ್ಕೆ ಇಳಿದರೆ ಅದು ಗಣನೀಯ ಸುಧಾರಣೆ.

ಹೋಲಿಕೆಯ ಅಗತ್ಯ

ದೀರ್ಘಕಾಲದ ನೋವು ಏರಿಳಿಯುತ್ತಿರುತ್ತದೆ. ನೋವು ಹೆಚ್ಚಾದಾಗಲೇ ಜನರು ವೈದ್ಯರ ಬಳಿಗೆ ಹೋಗುವುದರಿಂದ, ಚಿಕಿತ್ಸೆಯಿಲ್ಲದಿದ್ದರೂ ಕೆಲವು ವಾರಗಳಲ್ಲಿ ಅದು ಎಂದಿನ ಮಟ್ಟಕ್ಕೆ ಇಳಿಯಬಹುದು. ಚಿಕಿತ್ಸೆಯ ಮೇಲಿನ ನಿರೀಕ್ಷೆಯಿಂದಲೂ ಉಪಶಮನ ದೊರೆಯುವುದುಂಟು. ಇದನ್ನು ಪ್ಲಸೀಬೊ ಪರಿಣಾಮ ಎನ್ನುತ್ತಾರೆ. ಆದ್ದರಿಂದ ಯಾದೃಚ್ಛಿಕವಾಗಿ ವಿಂಗಡಿಸಿದ ಗುಂಪುಗಳ ನಡುವಿನ ಹೋಲಿಕೆ ಅಗತ್ಯ.

ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ನಿದರ್ಶನ. ಮಂಡಿಕೀಲಿನ ಸವೆತವಿದ್ದ 180 ರೋಗಿಗಳಲ್ಲಿ ಕೆಲವರಿಗೆ ಆರ್ತ್ರೋಸ್ಕೋಪಿ ಮೂಲಕ ನಿಜವಾದ ಶಸ್ತ್ರಚಿಕಿತ್ಸೆ ಮಾಡಲಾಯಿತು. ಉಳಿದವರಿಗೆ ಚರ್ಮವನ್ನಷ್ಟೇ ಸೀಳಿ ತೋರಿಕೆಯ ಶಸ್ತ್ರಚಿಕಿತ್ಸೆ ಮಾಡಲಾಯಿತು. ಎರಡು ವರ್ಷಗಳ ಅವಧಿಯಲ್ಲಿ ನೋವಿನಲ್ಲಾಗಲಿ ಕಾರ್ಯಸಾಮರ್ಥ್ಯದಲ್ಲಾಗಲಿ ನಿಜವಾದ ಶಸ್ತ್ರಚಿಕಿತ್ಸೆಯು ತೋರಿಕೆಯದಕ್ಕಿಂತ ಉತ್ತಮವೆನಿಸಲಿಲ್ಲ.

ಸರಾಸರಿಯ ಮಿತಿ

ಒಂದೇ ಔಷಧದಿಂದ ಕೆಲವರಿಗೆ ಹೆಚ್ಚು ಉಪಶಮನ ದೊರೆತರೆ, ಹಲವರಿಗೆ ಏನೂ ದೊರೆಯದಿರಬಹುದು. ಸರಾಸರಿ ಅಂಕವು ಈ ವ್ಯತ್ಯಾಸವನ್ನು ಮರೆಮಾಡುತ್ತದೆ. ಆದ್ದರಿಂದ ನಿಗದಿತ ಮಟ್ಟದ ಉಪಶಮನ ಪಡೆದವರನ್ನು ಎಣಿಸಲಾಗುತ್ತದೆ. ಉದಾಹರಣೆಗೆ, ಔಷಧ ಪಡೆದ 100 ಜನರಲ್ಲಿ 45 ಮಂದಿಗೂ ಪ್ಲಸೀಬೊ ಪಡೆದ 100 ಜನರಲ್ಲಿ 25 ಮಂದಿಗೂ ನೋವು ಅರ್ಧದಷ್ಟು ಇಳಿದಿದೆ ಎಂದುಕೊಂಡರೆ, ವ್ಯತ್ಯಾಸ 20. ಅಂದರೆ ಔಷಧದಿಂದ ಹೆಚ್ಚುವರಿಯಾಗಿ ಒಬ್ಬರಿಗೆ ಫಲ ದೊರೆಯಲು ಐವರಿಗೆ ಅದನ್ನು ನೀಡಬೇಕು.

ಪ್ರಯೋಗವನ್ನು ಮಧ್ಯದಲ್ಲೇ ಬಿಟ್ಟವರ ಲೆಕ್ಕವೂ ಮುಖ್ಯ. ವಾಕರಿಕೆ ತಾಳಲಾರದೆ ಔಷಧ ನಿಲ್ಲಿಸಿದವರ ಕೊನೆಯ ಅಂಕವನ್ನೇ ಅಂತಿಮವೆಂದು ಪರಿಗಣಿಸಿದರೆ, ಸೇವಿಸಲಾಗದ ಔಷಧವೂ ಯಶಸ್ವಿ ಎಂದು ತೋರಬಹುದು.

ಒಪಿಯಾಯ್ಡ್ ಔಷಧಗಳ ದೀರ್ಘಾವಧಿ ಹೋಲಿಕೆ

ದೀರ್ಘಕಾಲದ ನೋವಿಗೆ ಔಷಧವನ್ನು ಕೆಲವೇ ವಾರ ಪರೀಕ್ಷಿಸಿದರೆ ಸಾಲದು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸ್ಪೇಸ್’ ಅಧ್ಯಯನವು ಬೆನ್ನು, ಸೊಂಟದ ಕೀಲು ಅಥವಾ ಮಂಡಿಯ ದೀರ್ಘಕಾಲದ ನೋವಿದ್ದ 240 ರೋಗಿಗಳನ್ನು 12 ತಿಂಗಳು ಗಮನಿಸಿತು. ನೋವಿನಿಂದ ದೈನಂದಿನ ಕಾರ್ಯಗಳಿಗಾಗುವ ಅಡ್ಡಿಯ ಅಂಕವು ಒಪಿಯಾಯ್ಡ್ ಗುಂಪಿನಲ್ಲಿ 3.4, ಇತರ ಔಷಧಗಳ ಗುಂಪಿನಲ್ಲಿ 3.3 ಆಗಿತ್ತು. ನೋವಿನ ತೀವ್ರತೆಯ ಅಂಕವು ಕ್ರಮವಾಗಿ 4.0 ಮತ್ತು 3.5 ಇತ್ತು. ಪ್ರಬಲವೆಂದು ಹೆಸರಾದ ಒಪಿಯಾಯ್ಡ್‌ಗಳಿಂದ ಹೆಚ್ಚಿನ ಲಾಭವಾಗಲಿಲ್ಲ. ಔಷಧ ಸಂಬಂಧಿತ ತೊಂದರೆಗಳು ಮಾತ್ರ ಆ ಗುಂಪಿನಲ್ಲೇ ಹೆಚ್ಚಾಗಿದ್ದವು.