ನೈರೋಬಿಯ ರೆಗ್ಗೆ ರಾತ್ರಿಗಳು: ಬೆಳಗಿನ ಮೊದಲ ಮಟಾಟುವಿನವರೆಗೆ

ನೈರೋಬಿ ಎಂದೊಡನೆ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ಸಿಂಹ, ಜಿರಾಫೆಗಳ ಸಫಾರಿ. ಇಲ್ಲವೇ 1896ರಿಂದ ಅಲ್ಲಿ ರೈಲು ಹಳಿ ಹಾಕಲು ಹಡಗು ಹತ್ತಿದ ಸುಮಾರು 32 ಸಾವಿರ ಭಾರತೀಯ ಕಾರ್ಮಿಕರು. ಆದರೆ 1980-90ರ ದಶಕಗಳಲ್ಲಿ ಆ ನಗರದಲ್ಲಿ ಯೌವನ ಕಳೆದವರ ನೆನಪಿನಲ್ಲಿ ಉಳಿದಿರುವ ಹೆಸರುಗಳೇ ಬೇರೆ. ಮಾಂಟೆ ಕಾರ್ಲೋ, ಹಾಲಿವುಡ್, ಮೋಯಿ ಅವೆನ್ಯೂವಿನ ಫ್ಲೋರಿಡಾ 2000. ಇವೆಲ್ಲ ನೈಟ್ ಕ್ಲಬ್‌ಗಳು. ಹೆಸರು ಯುರೋಪ್, ಅಮೆರಿಕದ್ದಾದರೂ ಮಾಂಟೆ ಕಾರ್ಲೋ, ಹಾಲಿವುಡ್‌ಗಳ ಒಳಗೆ ಮೊಳಗುತ್ತಿದ್ದುದು ಜಮೈಕಾದ ರೆಗ್ಗೆ. ಕುಣಿಯಲು ಬರುತ್ತಿದ್ದವರಲ್ಲಿ ಬಹುಪಾಲು ಯುವಕರು ಈಸ್ಟ್‌ಲ್ಯಾಂಡ್ಸ್ ಎಂದು ಕರೆಯಲಾಗುವ, ದುಡಿಯುವ ವರ್ಗದ ಬಡಾವಣೆಗಳವರು.

ರೆಗ್ಗೆಯ ಜನಪ್ರಿಯ ಗಾಯಕ ಬಾಬ್ ಮಾರ್ಲಿ 1978ರಲ್ಲಿ ಇಥಿಯೋಪಿಯಾದೊಂದಿಗೆ ಕೆನ್ಯಾಕ್ಕೂ ಭೇಟಿ ನೀಡಿದ್ದರು. 1980ರಲ್ಲಿ ಜಿಂಬಾಬ್ವೆಯ ಸ್ವಾತಂತ್ರ್ಯೋತ್ಸವದಲ್ಲಿ ಹಾಡಿ ಮರುವರ್ಷವೇ ತೀರಿಕೊಂಡರು. ಅವರ ಹಾಡುಗಳು ಮಾತ್ರ ನೈರೋಬಿಯಲ್ಲಿ ನೆಲೆಯೂರಿದವು. ಅದಕ್ಕೆ ಕಾರಣವೂ ಇತ್ತು. 1982ರಲ್ಲಿ ಕೆನ್ಯಾ ಕಾನೂನಿನ ಪ್ರಕಾರವೇ ಏಕಪಕ್ಷ ರಾಷ್ಟ್ರವಾಯಿತು. ರೇಡಿಯೋ ಸರಕಾರದ ಕೈಯಲ್ಲಿತ್ತು. ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬಂದದ್ದು 1996ರಲ್ಲಿ. ಅಲ್ಲಿಯವರೆಗೆ ಬಡತನ, ಪೊಲೀಸರ ದರ್ಪ, ಅನ್ಯಾಯದ ಬಗ್ಗೆ ಬಾಯಿಬಿಟ್ಟು ಹೇಳುವ ಸಂಗೀತ ಮನದಣಿಯೆ ಬೇಕೆಂದರೆ ಕ್ಲಬ್ಬಿಗೇ ಹೋಗಬೇಕು, ಇಲ್ಲವೇ ಮಟಾಟು ಹತ್ತಬೇಕು. ಮಟಾಟು ಎಂದರೆ ನಮ್ಮ ಶೇರ್ ಟ್ಯಾಕ್ಸಿಯಂತೆ ಓಡುವ ಖಾಸಗಿ ವ್ಯಾನು.

ರೆಗ್ಗೆ ಕ್ಲಬ್ಬಿನ ಡಿಜೆ ಎಂದರೆ ಒಂದರ ಹಿಂದೊಂದು ಹಾಡು ಹಾಕುವವನಷ್ಟೇ ಅಲ್ಲ. ಜಮೈಕಾದ ವಾಡಿಕೆಯಂತೆ ಆ ಕೆಲಸಕ್ಕೆ ಇಬ್ಬರು. ಹಾಡು ಆಯ್ದು ಹಾಕುವವನು ಸೆಲೆಕ್ಟರ್, ಮೈಕು ಹಿಡಿದು ತಾಳಕ್ಕೆ ಸರಿಯಾಗಿ ಮಾತು ಹೆಣೆಯುವವನು ಎಂಸಿ. ಹಾಡಿನ ಮೊದಲ ಸಾಲಿಗೇ ಜನ ಕೇಕೆ ಹಾಕಿದರೆ ಸೆಲೆಕ್ಟರ್ ಸೂಜಿ ಎತ್ತಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಮ್ಮ ಕಂಪನಿ ನಾಟಕಗಳ 'ಒನ್ಸ್ ಮೋರ್' ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಸಿಯ ಮಾತು ಸ್ವಾಹಿಲಿ, ಇಂಗ್ಲಿಷ್ ಮತ್ತು ಊರಿನ ಭಾಷೆಗಳು ಬೆರೆತ 'ಶೆಂಗ್'ನಲ್ಲಿ. ಜಮೈಕಾದ ಹಾಡು ನೈರೋಬಿಯದ್ದೇ ಆದದ್ದು ಈ ಮಾತಿನಿಂದ ಎಂದರೆ ತಪ್ಪಾಗದು.

ರೆಕಾರ್ಡುಗಳ ಆ ಕಾಲದಲ್ಲಿ ಟಾಮ್ ಎಂಬೋಯಾ ಸ್ಟ್ರೀಟಿನ ಮೆಲೋಡಿಕಾ ಅಂಗಡಿ ಸಂಗೀತಪ್ರಿಯರಿಗೆ ಚಿರಪರಿಚಿತ. 1971ರಲ್ಲಿ ಅದನ್ನು ತೆರೆದದ್ದು ಭಾರತೀಯ ಮೂಲದ ಕುಟುಂಬ ಎಂಬುದು ಉಲ್ಲೇಖನೀಯ. ಬಳಿಕ ಕ್ಯಾಸೆಟ್ ಬಂತು, ನಕಲಿ ಕ್ಯಾಸೆಟ್ಟಿನ ಹಾವಳಿಯೂ ಬಂತು. ಗಾಯಕರಿಗೆ ಇದರಿಂದ ನಷ್ಟವಾದರೂ ಡಿಜೆಗಳಿಗೆ ಹೆಸರು ತಂದುಕೊಟ್ಟದ್ದು ಕ್ಯಾಸೆಟ್ಟೇ. ರಾತ್ರಿ ಕ್ಲಬ್ಬಿನಲ್ಲಿ ಹೆಣೆದ ಹಾಡುಗಳ ಸರಣಿ ಮಟಾಟು ಚಾಲಕನ ಕೈ ಸೇರಿ, ಕೆಲಸಕ್ಕೆ ಹೊರಟವರ ಕಿವಿಗೆ ಬೀಳುತ್ತಿತ್ತು. ಸ್ಪೀಕರ್ ಜೋರಾಗಿರುವ ವ್ಯಾನನ್ನೇ ಕಾದು ಹತ್ತುವ ಹುಡುಗರಿದ್ದರು.

ಕುಣಿತ ಬೆಳಗಿನ ತನಕ ನಡೆಯುತ್ತಿದ್ದುದಕ್ಕೆ ಮೋಜೊಂದೇ ಕಾರಣವಲ್ಲ. ನಡುರಾತ್ರಿ ಹೊರಬಿದ್ದರೆ ಕಳ್ಳರ ಭಯ, ಜತೆಗೆ ಪೊಲೀಸರ ಭಯ. ಬೆಳಗಿನ ಮೊದಲ ಮಟಾಟು ಬರುವವರೆಗೆ ಒಳಗಿರುವುದೇ ಕ್ಷೇಮ. ಜಡೆಗಟ್ಟಿದ ಕೂದಲಿನ ಯುವಕರ ಪಾಡು ಇನ್ನೂ ಕಷ್ಟ. 2002ರಲ್ಲಿ ನಿಷೇಧಕ್ಕೊಳಗಾದ ಮುಂಗಿಕಿ ಪಂಗಡದವರೂ ಜಡೆ ಬಿಡುತ್ತಿದ್ದುದರಿಂದ ರೆಗ್ಗೆ ಪ್ರೇಮಿಗಳೂ ಸಂಶಯಕ್ಕೆ ಗುರಿಯಾಗುತ್ತಿದ್ದರು. 1950ರ ದಶಕದಲ್ಲಿ ಬ್ರಿಟಿಷರ ವಿರುದ್ಧ ಕಾಡಿನಲ್ಲಿ ಹೋರಾಡಿದ ಮೌ ಮೌ ಯೋಧರಿಗೂ ಇದೇ ಜಡೆ ಇತ್ತು. ಸ್ವಾತಂತ್ರ್ಯಯೋಧರ ಗುರುತು ಮುಂದೆ ಪುಂಡರ ಗುರುತಾದದ್ದು ವಿಪರ್ಯಾಸವೇ ಸರಿ. ಜಡೆಯ ಕಾರಣಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟ ಬಾಲಕಿಯೊಬ್ಬಳ ಪ್ರಕರಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ನೈರೋಬಿ ಹೈಕೋರ್ಟು ಅವಳ ಪರ ತೀರ್ಪು ನೀಡಿ, ರಾಸ್ತಾಫಾರಿ ಕೂಡ ಒಂದು ಧರ್ಮವೇ ಎಂದಿತು.

ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡು, ಊರುಗೋಲಿನಲ್ಲೇ ವೇದಿಕೆ ಏರುತ್ತಿದ್ದ ಗಾಯಕ ಮೈಟಿ ಕಿಂಗ್ ಕಾಂಗ್ ಒಂದು ಕಾಲಕ್ಕೆ ಬೀದಿಯಲ್ಲಿ ಬೆಳೆದ ಹುಡುಗ. ಅವರು ಅಗಲಿದ್ದು 2007ರಲ್ಲಿ. ಅದೇ ವರ್ಷ ಅಕ್ಟೋಬರ್ 18ರಂದು ನೈರೋಬಿಯಲ್ಲೂ ಮನೆಮಾತಾಗಿದ್ದ ದಕ್ಷಿಣ ಆಫ್ರಿಕಾದ ಲಕ್ಕಿ ಡ್ಯೂಬೆ ಜೊಹಾನ್ಸ್‌ಬರ್ಗಿನಲ್ಲಿ ಗುಂಡಿಗೆ ಬಲಿಯಾದರು.

ಗಂಡಸರದ್ದೇ ಆಗಿದ್ದ ಮೈಕನ್ನು ಹಿಡಿದು ನಿಂತವರು ಜಾಂಬಿ ಕೋಯಿಕೈ. ರೇಡಿಯೋದಲ್ಲೂ ರೆಗ್ಗೆ ವೇದಿಕೆಗಳಲ್ಲೂ ಅವರ ಕಂಠ ಪರಿಚಿತ; 'ಫಯಾ ಮಮ್ಮಾ' ಎಂಬುದು ಅಭಿಮಾನಿಗಳ ಪ್ರೀತಿಯ ಹೆಸರು. ಅವರನ್ನು ಹದಿಹರೆಯದಿಂದಲೇ ಕಾಡಿದ್ದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಈ ಕಾಯಿಲೆ ಅವರ ಶ್ವಾಸಕೋಶಕ್ಕೂ ಹಬ್ಬಿತ್ತು. 2018ರಲ್ಲಿ ಜನ ಹಣ ಕೂಡಿಸಿ ಚಿಕಿತ್ಸೆಗೆ ಅಮೆರಿಕಕ್ಕೆ ಕಳುಹಿಸಿದರು. ಮರಳಿ ಬಂದವರು ಹೆಣ್ಣುಮಕ್ಕಳು ಮುಚ್ಚಿಟ್ಟುಕೊಳ್ಳುವ ಆ ನೋವಿನ ಬಗ್ಗೆ ಬಹಿರಂಗವಾಗಿ ಮಾತನಾಡಿದರು. 2024ರ ಜೂನ್‌ನಲ್ಲಿ ನಿಧನರಾದಾಗ ಕ್ಲಬ್ಬಿನ ಮೆಟ್ಟಿಲು ಹತ್ತದವರೂ ಕಣ್ಣೀರಿಟ್ಟರು.

ರೆಗ್ಗೆಯನ್ನು ರಾಜಕಾರಣಿಗಳೂ ಬಿಡಲಿಲ್ಲ. 2025ರಲ್ಲಿ ನಮ್ಮ ಕೇರಳದಲ್ಲಿ ಕೊನೆಯುಸಿರೆಳೆದ ರೈಲಾ ಒಡಿಂಗಾ, ಸಂವಿಧಾನ ತಿದ್ದುಪಡಿಯ ಪ್ರಚಾರಕ್ಕೆ ರೆಗ್ಗೆಯನ್ನು ಯಾರೂ ನಿಲ್ಲಿಸಲಾರರು ಎಂಬರ್ಥದ ಡ್ಯೂಬೆ ಹಾಡಿನ ಸಾಲನ್ನೇ ಘೋಷಣೆಯಾಗಿಸಿದ್ದರು. 2021ರ ಮೇ 13ರಂದು ಹೈಕೋರ್ಟು ತಿದ್ದುಪಡಿಗೆ ತಡೆ ಹಾಕಿದಾಗ, ರೆಗ್ಗೆ ನಿಂತೇ ಹೋಯಿತು ಎಂದು ಊರೆಲ್ಲ ನಗೆಯಾಡಿತು.

ನಿಜವಾಗಿ ಪೆಟ್ಟು ತಿಂದದ್ದು ರಾತ್ರಿಗಳೇ. 2010ರ ಮದ್ಯ ನಿಯಂತ್ರಣ ಕಾನೂನು ಕ್ಲಬ್ಬುಗಳ ವೇಳೆಗೆ ಮಿತಿ ಹಾಕಿತು. ಕೊರೋನಾದಿಂದಾಗಿ 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್‌ವರೆಗೆ ರಾತ್ರಿ ಕರ್ಫ್ಯೂ. 2022ರ ಕೊನೆಗೆ ನಗರಾಡಳಿತ ವಸತಿ ಪ್ರದೇಶಗಳ ನೈಟ್ ಕ್ಲಬ್ ಪರವಾನಗಿಗಳನ್ನೇ ರದ್ದುಮಾಡಿತು. ಗದ್ದಲದಿಂದ ನಿದ್ದೆಗೆಟ್ಟ ನಿವಾಸಿಗಳ ದೂರಿನಲ್ಲೂ ಹುರುಳಿಲ್ಲದಿಲ್ಲ. ಆದರೂ ಸುಪ್ರಿಮಸಿ ಸೌಂಡ್ಸ್‌ನಂಥ ತಂಡಗಳ ಹಾಡಿನ ಸರಣಿ ಈಗ ಕ್ಯಾಸೆಟ್ಟಿನ ಬದಲು ಮೊಬೈಲಿನಲ್ಲಿ ಮಟಾಟು ಏರುತ್ತದೆ, ಬೆಳಗ್ಗೆ ಕೆಲಸಕ್ಕೆ ಹೊರಟವರ ಜತೆಗೇ.