ಸಾಗರದ ಬಸ್ಸು ಹತ್ತಿ, ಷೇಕ್ಸ್‌ಪಿಯರ್ ಸಿಗುತ್ತಾನೆ!

ಮೊದಲು ಒಂದು ಪ್ರಶ್ನೆ. ಕಾಳಿದಾಸನ ಶಕುಂತಲೆ ಗೊತ್ತು, ಷೇಕ್ಸ್‌ಪಿಯರ್ ಗೊತ್ತು, ಜಪಾನಿನ ಕುರೊಸಾವಾನ ಸಿನಿಮಾ ಕೂಡ ಗೊತ್ತು. ಇಂಥ ಅಡಿಕೆ ಬೆಳೆಗಾರರು ಎಲ್ಲಿ ಸಿಗುತ್ತಾರೆ? ಊಹಿಸಿ!

ಬೆಂಗಳೂರಿನ ಆಸುಪಾಸು? ಅಲ್ಲ. ಮೈಸೂರು? ಅಲ್ಲವೇ ಅಲ್ಲ!

ಹೆಗ್ಗೋಡು. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು. ತೋಟ, ಗುಡ್ಡ, ಬಿಡದೆ ಸುರಿಯುವ ಮಳೆ. ಅದರ ನಡುವೆ ನೀನಾಸಮ್ ಎಂಬ ನಾಟಕ ಸಂಘ!

ಶುರುವಾದದ್ದು 1949ರಲ್ಲಿ. ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ ಆಗ ವಯಸ್ಸೆಷ್ಟು ಹೇಳಿ ನೋಡೋಣ. ನಲವತ್ತು? ಮೂವತ್ತು? ಇನ್ನೂ ಇಳಿಯಿರಿ. ಹದಿನೇಳು! ತೋಟದ ಕೆಲಸ ಮುಗಿಸಿದ ಊರವರು ಬಣ್ಣ ಹಚ್ಚಿಕೊಳ್ಳಲು ಕಟ್ಟಿಕೊಂಡ ಸಂಘ ಅದು.

ಅಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ!

1973ರಲ್ಲಿ ಹಳ್ಳಿಯಲ್ಲಿ ಚಿತ್ರಸಮಾಜ ಹುಟ್ಟಿತು. ಪರದೆಯ ಮೇಲೆ ಯಾರು ಬಂದರು ಗೊತ್ತೇ? ಸತ್ಯಜಿತ್ ರೇ! ಚಾಪ್ಲಿನ್! ಕುರೊಸಾವಾ! ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾದೀತು ಅಂದವರಿಗೆ ಕಿಕ್ಕಿರಿದು ಕೂತ ಜನವೇ ಉತ್ತರ. ಜಗತ್ತಿನ ಅತ್ಯುತ್ತಮವಾದದ್ದು ಹೆಗ್ಗೋಡಿಗೂ ಸಲ್ಲಬೇಕು. ಸುಬ್ಬಣ್ಣ ಇದನ್ನು ನಂಬಿದ್ದರು, ಮಾಡಿ ತೋರಿಸಿದರು. ನೀನಾಸಮ್‌ನ ಗುಟ್ಟೆಲ್ಲ ಇಲ್ಲೇ ಇದೆ ಅನ್ನುವವನು ನಾನು.

1980ರಲ್ಲಿ ರಂಗಶಿಕ್ಷಣ ಕೇಂದ್ರ. ನಟನೆ ಕಲಿಯಲು ನಗರದ ಹುಡುಗರು ಹಳ್ಳಿಗೆ ಬರುವಂತಾಯಿತು! ಮಂಡ್ಯ ರಮೇಶ್ ಗೊತ್ತಲ್ಲ? ಇಲ್ಲಿ ಕಲಿತವರು. ಅಚ್ಯುತ್ ಕುಮಾರ್? ಅವರೂ ಇಲ್ಲಿಯವರೇ! ಸತೀಶ್ ಅಂತೂ ಕಲಿತ ಶಾಲೆಯನ್ನೇ ಹೆಸರಿಗೆ ಅಂಟಿಸಿಕೊಂಡು ಸತೀಶ್ ನೀನಾಸಂ ಆಗಿಬಿಟ್ಟರು!

ತಡೆಯಿರಿ, ಮೈ ಜುಮ್ಮೆನ್ನಿಸುವ ಸಂಗತಿ ಈಗ ಬರುತ್ತದೆ.

ಉತ್ತರ ಕನ್ನಡದ ಮಂಚಿಕೇರಿ. ಅಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ನೀನಾಸಮ್‌ನ ಚಿದಂಬರರಾವ್ ಜಂಬೆ ಅಲ್ಲಿಗೆ ಹೋದರು, ಸಿದ್ದಿಗಳನ್ನೇ ನಟರಾಗಿಸಿ ಮಾಸ್ತಿಯವರ ‘ಕಾಕನಕೋಟೆ’ ಮಾಡಿಸಿದರು. ಆಮೇಲೆ? ಚಿನುವಾ ಅಚಿಬೆ! ನೈಜೀರಿಯಾದ ಕಾದಂಬರಿ ಕನ್ನಡದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಯಿತು. ಯೋಚಿಸಿ ನೋಡಿ! ಆಫ್ರಿಕಾ ಬಿಟ್ಟು ಎಷ್ಟೋ ತಲೆಮಾರು ಕಳೆದ ಜನ, ಮಲೆನಾಡಿನ ಕಾಡಿನಂಚಿನಲ್ಲಿ, ಕನ್ನಡದಲ್ಲಿ, ಆಫ್ರಿಕಾದ ಹಳ್ಳಿಯೊಂದರ ಕಥೆ ಆಡಿದರು! ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟಿದ್ದೆ.

ಇನ್ನು ‘ತಿರುಗಾಟ’! 1985ರಲ್ಲಿ ಹೊರಟ ಈ ತಂಡ ಊರೂರು ಅಲೆಯುತ್ತದೆ. ಒಂದು ಹಂಗಾಮಿನಲ್ಲಿ ಎಷ್ಟು ಪ್ರದರ್ಶನ ಇದ್ದೀತು? ಹತ್ತು? ಇಪ್ಪತ್ತೈದು? ನೂರರ ಮೇಲೆ!

ಒಂದು ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಗಾಡಿ ಬಂದು ನಿಲ್ಲುತ್ತದೆ. ಹಲಗೆ, ಪರದೆ, ದೀಪ, ಉಡುಪಿನ ಪೆಟ್ಟಿಗೆ, ಎಲ್ಲ ಇಳಿಯಬೇಕು. ಇಳಿಸುವವರು ಯಾರು? ನಟರೇ! ಮಧ್ಯಾಹ್ನ ಏಣಿ ಹತ್ತಿ ದೀಪ ಬಿಗಿದವನು ರಾತ್ರಿ ರಾಜ. ಚಪ್ಪಾಳೆ ಮುಗಿಯಿತೋ, ಕಿರೀಟ ತೆಗೆದಿಟ್ಟ ರಾಜ ಹಲಗೆಗೆ ಹೆಗಲು ಕೊಡುತ್ತಾನೆ! ನಾಳೆ ಇನ್ನೊಂದು ಊರು. ಇನ್ನೊಂದು ನಾಟಕವೂ ಇರಬಹುದು, ಏಕೆಂದರೆ ಅದೇ ನಟರ ಬಾಯಲ್ಲಿ ಒಂದಕ್ಕಿಂತ ಹೆಚ್ಚು ನಾಟಕಗಳಿವೆ!

ಈ ರಂಗಕ್ಕಾಗಿಯೇ ಎಷ್ಟು ಬರವಣಿಗೆ ಆಗಿದೆ! ಸುಬ್ಬಣ್ಣ ಶಾಕುಂತಲವನ್ನು ‘ಲೋಕಶಾಕುಂತಲ’ವಾಗಿಸಿದರು. ಅವರ ಮಗ ಕೆ.ವಿ. ಅಕ್ಷರ ‘ಸಹ್ಯಾದ್ರಿಕಾಂಡ’, ‘ಸ್ವಯಂವರಲೋಕ’ ಬರೆದರು. ಬಿ.ವಿ. ಕಾರಂತರು ಇಲ್ಲಿ ಪುತಿನ ಅವರ ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದರು. ಸುಬ್ಬಣ್ಣನವರದೇ ಅಕ್ಷರ ಪ್ರಕಾಶನವೂ ಇತ್ತಲ್ಲ, ಆಡಿದ್ದು ಪುಸ್ತಕವಾಗಿಯೂ ಓದುಗರ ಕೈಗೆ ಬಂತು!

ಈ ಸಡಗರ ಹೊರಗಿನವರ ಕಣ್ಣಿಗೆ ಬಿತ್ತೇ? 1991. ಪ್ರಶಸ್ತಿ ಬಂದದ್ದು ದೂರದ ಫಿಲಿಪ್ಪೀನ್ಸಿನಿಂದ. ಮ್ಯಾಗ್ಸೆಸೆ! ಏಷ್ಯಾದ ಅಷ್ಟು ದೊಡ್ಡ ಗೌರವ ಬಂದು ತಲುಪಿದ ವಿಳಾಸ ಹೆಗ್ಗೋಡು!

ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ತಿರುಗಾಟ ಹೊರಟಿತು, ನೀನಾಸಮ್ ನಡೆಸುವ ಸಂಸ್ಕೃತಿ ಶಿಬಿರಕ್ಕೆ ಜನ ಬಂದರು. ಹಗಲು ಚರ್ಚೆ, ಸಂಜೆ ನಾಟಕ, ಊಟದ ಸಾಲಿನಲ್ಲೂ ಮುಗಿಯದ ವಾದ!

ಕೊನೆಯ ಪ್ರಶ್ನೆ ನಿಮಗೇ. ತಿರುಗಾಟವನ್ನು ಊರಿಗೆ ಕರೆಸುವವರು ಯಾರು ಗೊತ್ತೇ? ಊರಿನ ಸಂಘದವರು, ಮೇಷ್ಟ್ರುಗಳು, ಕಾಲೇಜಿನವರು! ಟಿಕೆಟ್ ಮಾರುವವರು ಅವರೇ, ನಟರಿಗೆ ಊಟ ಹಾಕುವವರೂ ಅವರೇ. ನಿಮ್ಮೂರಲ್ಲಿ ಒಂದು ಸಭಾಂಗಣ ಇದೆಯೇ? ಹುರುಪಿನ ನಾಲ್ಕು ಜನ? ಹಾಗಿದ್ದರೆ ಇನ್ನೇಕೆ ತಡ, ಹೆಗ್ಗೋಡಿಗೆ ಒಂದು ಕಾಗದ ಹಾಕಿ!