ರಷ್ಯಾದಲ್ಲಿ ಸಲಿಂಗಿಗಳ ಹಕ್ಕುಗಳ ಚಳವಳಿ ಮತ್ತು ಏಡ್ಸ್ ಜಾಗೃತಿ

ರಷ್ಯಾದಲ್ಲಿ ಸಲಿಂಗಿಗಳ ಹಕ್ಕುಗಳ ಚಳವಳಿಯು 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಲ್ಲಿ ರೂಪುಗೊಂಡಿತು. ಅದೇ ವರ್ಷಗಳಲ್ಲಿ ಎಚ್‌ಐವಿ ಸೋಂಕು ದೇಶವನ್ನು ಪ್ರವೇಶಿಸಿದ್ದರಿಂದ, ಹಕ್ಕುಗಳ ಬೇಡಿಕೆ ಮತ್ತು ಏಡ್ಸ್ ಕುರಿತ ತಿಳಿವಳಿಕೆಯ ಕಾರ್ಯ ಇಲ್ಲಿ ಬಹುಕಾಲ ಜೊತೆಜೊತೆಯಾಗಿ ಸಾಗಿದವು.

ಕಾನೂನಿನ ಹಿನ್ನೆಲೆ

1917ರ ಕ್ರಾಂತಿಯ ನಂತರ ಬೋಲ್ಶೆವಿಕರು ಝಾರ್ ಕಾಲದ ದಂಡಸಂಹಿತೆಯನ್ನು ಕೈಬಿಟ್ಟರು. 1922ರ ಹೊಸ ಸಂಹಿತೆಯಲ್ಲಿ ಪುರುಷರ ನಡುವಿನ ಸಲಿಂಗಕಾಮ ಅಪರಾಧವಾಗಿರಲಿಲ್ಲ. ಸ್ಟಾಲಿನ್ ಆಡಳಿತವು 1934ರಲ್ಲಿ ಅದನ್ನು ಮತ್ತೆ ಅಪರಾಧವನ್ನಾಗಿಸಿತು. ಆ ವರ್ಷ ಮಾಸ್ಕೋದಲ್ಲಿ ನೆಲೆಸಿದ್ದ ಬ್ರಿಟಿಷ್ ಕಮ್ಯುನಿಸ್ಟ್ ಪತ್ರಕರ್ತ ಹ್ಯಾರಿ ವೈಟ್, ಸಲಿಂಗಿಯು ಪಕ್ಷದ ಸದಸ್ಯನಾಗಿರಲು ಯೋಗ್ಯನೇ ಎಂದು ಪ್ರಶ್ನಿಸಿ ಸ್ಟಾಲಿನ್‌ನಿಗೆ ದೀರ್ಘ ಪತ್ರ ಬರೆದನು; ಸ್ಟಾಲಿನ್ ಅದನ್ನು ದಾಖಲೆಯ ಕಡತಕ್ಕೆ ಸೇರಿಸಿದನು. 1960ರ ಸಂಹಿತೆಯ 121ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಮಹಿಳಾ ಸಲಿಂಗಿಗಳಿಗೆ ಈ ಕಲಂ ಅನ್ವಯಿಸುತ್ತಿರಲಿಲ್ಲ. ಆದರೆ ಅವರನ್ನು ಮನೋರೋಗಿಗಳೆಂದು ಆಸ್ಪತ್ರೆಗೆ ಸೇರಿಸುವ ಪದ್ಧತಿ ಇತ್ತು. ಅದು ಸೆರೆಮನೆಗಿಂತ ಸೌಮ್ಯವಾದುದೆಂದು ಹೇಳಲಾಗದು.

ಏಡ್ಸ್ ಮತ್ತು ಭಯ

ಏಡ್ಸ್ ಪಾಶ್ಚಾತ್ಯ ಸಮಾಜದ ರೋಗವೆಂಬ ಪ್ರಚಾರ ಆರಂಭದಲ್ಲಿ ಬಲವಾಗಿತ್ತು. 1987ರ ಶಾಸನವು ಕಡ್ಡಾಯ ಪರೀಕ್ಷೆಗೆ ಅವಕಾಶ ನೀಡಿತಲ್ಲದೆ, ಗೊತ್ತಿದ್ದೂ ಸೋಂಕು ಹರಡಿದವರಿಗೆ ಎಂಟು ವರ್ಷಗಳವರೆಗೆ ಶಿಕ್ಷೆಯನ್ನು ಗೊತ್ತುಮಾಡಿತು. 1988–89ರಲ್ಲಿ ಕಲ್ಮಿಕಿಯಾದ ರಾಜಧಾನಿ ಎಲಿಸ್ತಾದ ಮಕ್ಕಳ ಆಸ್ಪತ್ರೆಯಲ್ಲಿ, ಸರಿಯಾಗಿ ಶುದ್ಧಗೊಳಿಸದ ಸಿರಿಂಜುಗಳಿಂದ 70ಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ತಗುಲಿದ್ದು ಬೆಳಕಿಗೆ ಬಂದಿತು. ರೋಗಕ್ಕೂ ನೈತಿಕತೆಗೂ ಗಂಟುಹಾಕಿದ್ದ ವಾದಕ್ಕೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿರಲಿಲ್ಲ.

ಸೋಂಕಿತನು ತನ್ನ ಸಂಗಾತಿಗಳ ಹೆಸರನ್ನು ವೈದ್ಯರಿಗೆ ತಿಳಿಸಬೇಕಾಗಿತ್ತು. 121ನೆಯ ಕಲಂ ಜಾರಿಯಲ್ಲಿರುವಾಗ ಹೆಸರು ಹೇಳುವುದೆಂದರೆ ಅಪರಾಧವನ್ನು ಒಪ್ಪಿಕೊಂಡು ಇತರರನ್ನೂ ಸಿಲುಕಿಸಿದಂತೆ. ಹೀಗಾಗಿ ಪರೀಕ್ಷೆಯಿಂದ ದೂರವುಳಿಯುವುದೇ ಜಾಣತನವಾಗಿ ಕಾಣುತ್ತಿತ್ತು. ಕಲಮನ್ನು ರದ್ದುಗೊಳಿಸದೆ ಏಡ್ಸ್ ತಡೆಗಟ್ಟಲಾಗದೆಂಬ ಕಾರ್ಯಕರ್ತರ ವಾದದ ತಿರುಳು ಇದೇ.

ಸಂಘಟನೆಗಳು

1984ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ರಹಸ್ಯವಾಗಿ ಸೇರಿದ್ದ ಚಿಕ್ಕ ಗುಂಪೊಂದು ಕೆಜಿಬಿಯ ಒತ್ತಡದಿಂದ ಚದುರಿತು. 1990ರ ಸುಮಾರಿಗೆ ರೋಮಾನ್ ಕಲೀನಿನ್ ಮತ್ತು ಯೆವ್ಗೇನಿಯಾ ದೆಬ್ರ್ಯಾನ್‌ಸ್ಕಾಯಾ ಮಾಸ್ಕೋದಲ್ಲಿ ಸಂಘಟನೆ ಕಟ್ಟಿದರು. ಕಲೀನಿನ್ ಸಂಪಾದಕತ್ವದ ಪತ್ರಿಕೆಯ ಹೆಸರು 'ತೆಮಾ', ಅಂದರೆ 'ವಿಷಯ'. ಸಲಿಂಗಿಗಳು ತಮ್ಮನ್ನು ಗುರುತಿಸಿಕೊಳ್ಳಲು ಬಳಸುತ್ತಿದ್ದ ಗುಟ್ಟಿನ ಪದವೂ ಅದೇ. 1991ರ ಆಗಸ್ಟ್ ಕ್ಷಿಪ್ರಕ್ರಾಂತಿಯ ಸಂದರ್ಭದಲ್ಲಿ ಈ ಕಾರ್ಯಕರ್ತರು ತಮ್ಮಲ್ಲಿದ್ದ ಪ್ರತಿ ತೆಗೆಯುವ ಯಂತ್ರಗಳಲ್ಲಿ ಯೆಲ್ತ್ಸಿನ್ ಪರವಾದ ಕರಪತ್ರಗಳನ್ನು ಮುದ್ರಿಸಿ ಹಂಚಿದರು. ಸಂತ ಪೀಟರ್ಸ್‌ಬರ್ಗ್‌ನಲ್ಲಿ 'ಕ್ರೀಲ್ಯಾ' (ರೆಕ್ಕೆಗಳು) ಎಂಬ ಸಂಘ ಅದೇ ವರ್ಷ ನೋಂದಣಿ ಪಡೆಯಿತು.

1993ರ ಏಪ್ರಿಲ್ 29ರಂದು ಯೆಲ್ತ್ಸಿನ್ ಸಹಿಯೊಂದಿಗೆ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧಮುಕ್ತವಾಯಿತು. ಇದು ಬೀದಿಯ ಹೋರಾಟದ ಜಯವೆನ್ನುವುದಕ್ಕಿಂತ, ಯುರೋಪ್ ಮಂಡಳಿಯನ್ನು ಸೇರಬಯಸಿದ್ದ ಸರಕಾರದ ನಡೆ ಎನ್ನುವುದೇ ಹೆಚ್ಚು ಸರಿ. ಸಾರ್ವಜನಿಕ ಚರ್ಚೆಯಿಲ್ಲದೆ ಬಂದ ಈ ಬದಲಾವಣೆಗೆ ಸಮಾಜದಲ್ಲಿ ಬೇರು ಆಳಕ್ಕೆ ಇಳಿಯಲಿಲ್ಲ.

1996ರಿಂದ ಸೋಂಕು ಮುಖ್ಯವಾಗಿ ಮಾದಕದ್ರವ್ಯದ ಸೂಜಿಗಳ ಮೂಲಕ ವೇಗವಾಗಿ ಹರಡಿತು. ಕಲಿನಿನ್‌ಗ್ರಾಡ್ ಅದರ ಆರಂಭದ ಕೇಂದ್ರಗಳಲ್ಲೊಂದು. ಕ್ಲಬ್ಬು, ಉದ್ಯಾನಗಳಿಗೆ ಹೋಗಿ ಕಾಂಡೋಮ್ ಹಂಚಿ ಮಾಹಿತಿ ನೀಡುವ ಸಂಘಗಳು ಬಹುಮಟ್ಟಿಗೆ ವಿದೇಶಿ ನೆರವನ್ನು ಅವಲಂಬಿಸಿದ್ದವು. 2012ರಲ್ಲಿ 'ವಿದೇಶಿ ಏಜೆಂಟ್' ಕಾಯಿದೆ ಬಂದಿತು. ಅದೇ ವರ್ಷ ಅಮೆರಿಕದ ನೆರವು ಸಂಸ್ಥೆಯಾದ ಯುಎಸ್‌ಏಡ್‌ ಅನ್ನು ದೇಶದಿಂದ ಹೊರಗೆ ಕಳುಹಿಸಲಾಯಿತು. 2016ರ ಜನವರಿ ವೇಳೆಗೆ ನೋಂದಾಯಿತ ಸೋಂಕಿತರ ಒಟ್ಟು ಸಂಖ್ಯೆ 10 ಲಕ್ಷ ಮುಟ್ಟಿತು.

ನಿರ್ಬಂಧಗಳು

ಮಾಸ್ಕೋದಲ್ಲಿ 2006ರಿಂದ ನಿಕೊಲಾಯ್ ಅಲೆಕ್ಸೆಯೆವ್ ನಡೆಸಲೆತ್ನಿಸಿದ ಮೆರವಣಿಗೆಗಳನ್ನು ನಗರಾಡಳಿತ ನಿಷೇಧಿಸಿತು. ಈ ನಿಷೇಧ ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಅಪ್ರಾಪ್ತರಲ್ಲಿ ಸಲಿಂಗ ಸಂಬಂಧಗಳ 'ಪ್ರಚಾರ'ವನ್ನು 2013ರ ಕಾಯಿದೆ ನಿಷೇಧಿಸಿತು. 2022ರ ಡಿಸೆಂಬರಿನಲ್ಲಿ ಆ ನಿಷೇಧವನ್ನು ಎಲ್ಲ ವಯೋಮಾನದವರಿಗೂ ವಿಸ್ತರಿಸಲಾಯಿತು. 2023ರ ನವೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು 'ಅಂತರರಾಷ್ಟ್ರೀಯ ಎಲ್‌ಜಿಬಿಟಿ ಚಳವಳಿ'ಯನ್ನು ಉಗ್ರವಾದಿಯೆಂದು ಘೋಷಿಸಿತು. ಆ ಹೆಸರಿನ ನೋಂದಾಯಿತ ಸಂಸ್ಥೆ ಯಾವುದೂ ಇಲ್ಲದಿರುವುದರಿಂದ, ಸೋಂಕಿನ ಬಗ್ಗೆ ಸಲಿಂಗಿ ಪುರುಷರಿಗೆ ತಿಳಿಹೇಳುವ ಸ್ವಯಂಸೇವಕನೂ ಅದರ ಸದಸ್ಯನೆಂಬ ಆರೋಪಕ್ಕೆ ಗುರಿಯಾಗಬಹುದು.